ದಡಾರದ ಬೆನ್ನುಹತ್ತಿದ ಸಾಹಿತ್ಯದ ವಿದ್ಯಾರ್ಥಿ: ಜಾನ್ ಎಂಡರ್ಸ್ ಮತ್ತು ಎರಡು ರಕ್ತ ಮಾದರಿಗಳು

ಮಗುವಿಗೆ ಜ್ವರ ಬಂದು ಮೈಮೇಲೆ ಕೆಂಪು ದದ್ದು ಎದ್ದ ದಿನವೇ ರಕ್ತ ಪರೀಕ್ಷೆ ಮಾಡಿಸಿದರೆ ದಡಾರ ಇಲ್ಲ ಎಂಬ ವರದಿ ಬರಬಹುದು. ಐದಾರು ದಿನ ಕಳೆದು ಅದೇ ಮಗುವಿನ ರಕ್ತವನ್ನು ಮತ್ತೆ ಪರೀಕ್ಷಿಸಿದರೆ ದಡಾರ ಇದೆ ಎಂಬ ವರದಿ ಬರಬಹುದು. ಇದರಲ್ಲಿ ಪ್ರಯೋಗಾಲಯದ ತಪ್ಪೇನೂ ಇರಬೇಕಿಲ್ಲ. ದಡಾರದ ಮಟ್ಟಿಗೆ ರಕ್ತ ಏನು ಹೇಳುತ್ತದೆ ಎಂಬುದು ಅದನ್ನು ಯಾವ ದಿನ ತೆಗೆಯಲಾಯಿತು ಎಂಬುದನ್ನು ಅವಲಂಬಿಸಿದೆ. ಈ ಸರಳ ಸತ್ಯವನ್ನು ಆಧಾರವಾಗಿಟ್ಟುಕೊಂಡೇ ದಡಾರದ ವೈರಸ್ಸನ್ನು ಗುರುತಿಸಿ, ಅದಕ್ಕೆ ಲಸಿಕೆಯ ದಾರಿ ತೆರೆದವರು ಅಮೆರಿಕದ ವಿಜ್ಞಾನಿ ಜಾನ್ ಫ್ರಾಂಕ್ಲಿನ್ ಎಂಡರ್ಸ್. ವಿಚಿತ್ರವೆಂದರೆ, ಅವರು ವೈದ್ಯರಾಗಿರಲಿಲ್ಲ. ಯೌವನದಲ್ಲಿ ಅವರು ಕಂಡ ಕನಸು ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕನಾಗುವುದು.

ದಾರಿ ಹುಡುಕುತ್ತಿದ್ದ ಯುವಕ

ಎಂಡರ್ಸ್ ಜನಿಸಿದ್ದು 1897ರ ಫೆಬ್ರವರಿ 10ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೆಸ್ಟ್ ಹಾರ್ಟ್‌ಫರ್ಡ್‌ನಲ್ಲಿ. ತಂದೆ ಬ್ಯಾಂಕಿನ ವ್ಯವಹಾರದಲ್ಲಿದ್ದವರು. ಮನೆಯಲ್ಲಿ ಹಣಕ್ಕೆ ಕೊರತೆಯಿರಲಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಮೊದಲ ಮಹಾಯುದ್ಧದ ಕರೆ ಬಂತು. 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ನೌಕಾಪಡೆಯ ವೈಮಾನಿಕ ವಿಭಾಗ ಸೇರಿ, ಇತರರಿಗೆ ವಿಮಾನ ಹಾರಾಟ ಕಲಿಸುವ ತರಬೇತುದಾರರಾದರು. ಯುದ್ಧ ಮುಗಿದ ಬಳಿಕ ಯೇಲ್‌ಗೆ ಮರಳಿ ಪದವಿ ಪೂರೈಸಿದರು.

ಮುಂದೇನು ಎಂಬ ಪ್ರಶ್ನೆಗೆ ಅವರಲ್ಲಿ ಸಿದ್ಧ ಉತ್ತರವಿರಲಿಲ್ಲ. ಕೆಲಕಾಲ ನಿವೇಶನ, ಮನೆ ಮಾರಾಟದ ವ್ಯಾಪಾರಕ್ಕೆ ಕೈಹಾಕಿದರು. ಅದು ಒಗ್ಗಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿ ಇಂಗ್ಲಿಷ್ ಸಾಹಿತ್ಯದ ಜತೆಗೆ ಯುರೋಪಿನ ಪ್ರಾಚೀನ ಭಾಷೆಗಳ ಅಧ್ಯಯನಕ್ಕೆ ತೊಡಗಿದರು. ಸ್ನಾತಕೋತ್ತರ ಪದವಿಯೂ ದೊರೆಯಿತು. ಡಾಕ್ಟರೇಟ್ ಪ್ರಬಂಧದ ಹಾದಿಯಲ್ಲಿದ್ದಾಗಲೇ ಅವರ ಬದುಕು ಹೊರಳಿತು.

ಅದಕ್ಕೆ ಕಾರಣ ಒಂದೇ ವಸತಿಗೃಹದಲ್ಲಿದ್ದ ಸಂಗಾತಿ ಹ್ಯೂ ವಾರ್ಡ್. ಆಸ್ಟ್ರೇಲಿಯಾದ ಈ ಯುವ ವೈದ್ಯ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸೂಕ್ಷ್ಮಜೀವಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ. ಅವನ ಜತೆ ಪ್ರಯೋಗಾಲಯಕ್ಕೆ ಹೋಗಿಬರುತ್ತಿದ್ದ ಎಂಡರ್ಸ್, ವಿಭಾಗದ ಮುಖ್ಯಸ್ಥ ಹಾನ್ಸ್ ಜಿನ್ಸರ್ ಅವರ ಪ್ರಭಾವಕ್ಕೆ ಒಳಗಾದರು. ಟೈಫಸ್ ಜ್ವರದ ಸಂಶೋಧಕರಾಗಿದ್ದ ಜಿನ್ಸರ್ ಒಳ್ಳೆಯ ಲೇಖಕರೂ ಹೌದು. ಸಾಹಿತ್ಯವನ್ನು ಪ್ರೀತಿಸುತ್ತಲೇ ವಿಜ್ಞಾನ ಮಾಡಬಹುದೆಂಬುದಕ್ಕೆ ಅವರೇ ಜೀವಂತ ಉದಾಹರಣೆಯಾಗಿದ್ದರು. ಎಂಡರ್ಸ್ ಸಾಹಿತ್ಯದ ಪ್ರಬಂಧವನ್ನು ಅಲ್ಲಿಗೇ ಕೈಬಿಟ್ಟರು. 1930ರಲ್ಲಿ, ತಮ್ಮ 33ನೇ ವಯಸ್ಸಿನಲ್ಲಿ, ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಆ ಹೊತ್ತಿಗೆ ಅವರ ಓರಗೆಯ ಅನೇಕರು ವೃತ್ತಿಯಲ್ಲಿ ನೆಲೆಯೂರಿದ್ದರು.

ರಕ್ತದಲ್ಲಿ ಉಳಿಯುವ ಗುರುತು

ರೋಗಾಣುವೊಂದು ದೇಹವನ್ನು ಹೊಕ್ಕಾಗ ದೇಹ ಅದಕ್ಕೆ ಪ್ರತಿಯಾಗಿ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತದೆ. ರೋಗ ವಾಸಿಯಾದ ನಂತರವೂ ರಕ್ತದಲ್ಲಿ ಅವುಗಳ ಗುರುತು ಉಳಿಯುತ್ತದೆ. 1930 ಮತ್ತು 40ರ ದಶಕಗಳಲ್ಲಿ ಎಂಡರ್ಸ್ ಅವರ ಹೆಚ್ಚಿನ ದುಡಿಮೆ ಈ ಗುರುತುಗಳನ್ನು ಓದುವುದರಲ್ಲೇ ಕಳೆಯಿತು. ಎರಡನೇ ಮಹಾಯುದ್ಧದ ಸಮಯದಲ್ಲಿ ಮಂಗನಬಾವಿನ ಬಗ್ಗೆ ಅವರು ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಇದಕ್ಕೆ ನಿದರ್ಶನ. ಕೆನ್ನೆ ಊದದೆ, ರೋಗ ಬಂದದ್ದೇ ತಿಳಿಯದೆ ಸೋಂಕನ್ನು ದಾಟಿದವರೂ ಅನೇಕರಿದ್ದಾರೆ ಎಂಬುದನ್ನು ಅವರು ರಕ್ತ ಪರೀಕ್ಷೆಯಿಂದ ತೋರಿಸಿದರು.

1946ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಾಂಕ್ರಾಮಿಕ ರೋಗಗಳ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸುವ ಹೊಣೆ ಎಂಡರ್ಸ್ ಅವರಿಗೆ ಬಂತು. ಥಾಮಸ್ ವೆಲ್ಲರ್ ಮತ್ತು ಫ್ರೆಡರಿಕ್ ರಾಬಿನ್ಸ್ ಎಂಬ ಇಬ್ಬರು ಯುವ ವೈದ್ಯರು ಅವರನ್ನು ಕೂಡಿಕೊಂಡರು. ವೈರಸ್ ಜೀವಕೋಶದ ಹೊರಗೆ ಬೆಳೆಯದು. ಆದ್ದರಿಂದ ಗಾಜಿನ ಕೊಳವೆಯಲ್ಲಿ ಜೀವಕೋಶಗಳನ್ನು ಬದುಕಿಸಿಟ್ಟು, ಅವುಗಳಲ್ಲಿ ವೈರಸ್ ಬೆಳೆಸುವುದು ಅವರ ಗುರಿ. 1948ರಲ್ಲಿ ವೆಲ್ಲರ್ ಚಿಕನ್‌ಪಾಕ್ಸ್ ವೈರಸ್ಸಿಗೆಂದು ಅಂಗಾಂಶದ ಸೀಸೆಗಳನ್ನು ಸಿದ್ಧಪಡಿಸಿದಾಗ ಕೆಲವು ಉಳಿದವು. ಶೈತ್ಯಪೆಟ್ಟಿಗೆಯಲ್ಲಿ ಪೋಲಿಯೊ ವೈರಸ್ ಇತ್ತು. ಉಳಿದ ಸೀಸೆಗಳಿಗೆ ಅದನ್ನು ಹಾಕಲಾಯಿತು. ಪೋಲಿಯೊ ವೈರಸ್ ನರಕೋಶದಲ್ಲಿ ಮಾತ್ರ ಬೆಳೆಯುತ್ತದೆ ಎಂಬ ಅಂದಿನ ನಂಬಿಕೆ ಸುಳ್ಳಾಯಿತು. 1949ರಲ್ಲಿ ಪ್ರಕಟವಾದ ಈ ಸಂಶೋಧನೆ ಪೋಲಿಯೊ ಲಸಿಕೆಗೆ ತಳಹದಿಯಾಯಿತು.

ಇದಕ್ಕಾಗಿ 1954ರ ನೊಬೆಲ್ ಪ್ರಶಸ್ತಿ ಎಂಡರ್ಸ್, ವೆಲ್ಲರ್ ಮತ್ತು ರಾಬಿನ್ಸ್ ಮೂವರಿಗೂ ಸಂದಿತು. ಕೆಲಸ ಮೂವರದೂ ಆದ್ದರಿಂದ ಗೌರವವೂ ಮೂವರಿಗೂ ಸಲ್ಲಬೇಕೆಂಬುದು ಎಂಡರ್ಸ್ ಅವರ ಖಚಿತ ನಿಲುವಾಗಿತ್ತು. ಪ್ರಶಸ್ತಿಯ ಸುದ್ದಿ ಬಂದಾಗ ಅವರು ಆಗಲೇ ಮತ್ತೊಂದು ರೋಗದ ಹಿಂದೆ ಬಿದ್ದಿದ್ದರು. ಅದೇ ದಡಾರ.

ಹಳೆಯ ರೋಗ, ಕಾಣದ ವೈರಿ

ದಡಾರವನ್ನು ಮಕ್ಕಳಿಗೆ ಬಂದೇ ತೀರುವ, ಬಂದು ಹೋಗುವ ಕಾಯಿಲೆ ಎಂದು ಆ ಕಾಲದಲ್ಲಿ ಜನ ಭಾವಿಸಿದ್ದರು. ಆದರೆ ಲಸಿಕೆ ವ್ಯಾಪಕವಾಗುವ ಮುನ್ನ, 1980ಕ್ಕೂ ಹಿಂದೆ, ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 26 ಲಕ್ಷ ಮಂದಿ ಇದೇ ರೋಗಕ್ಕೆ ಬಲಿಯಾಗುತ್ತಿದ್ದರು. ನ್ಯುಮೋನಿಯಾ, ಭೇದಿ, ಮಿದುಳಿನ ಉರಿಯೂತ ಇವು ದಡಾರದ ಬೆನ್ನಿಗೇ ಬರುತ್ತಿದ್ದ ಸಾವಿನ ರೂಪಗಳು.

ರೋಗದ ಕಾಲಗಣನೆಯನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವರು ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಲುಡ್ವಿಗ್ ಪಾನುಮ್. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫ್ಯಾರೋ ದ್ವೀಪಗಳಲ್ಲಿ ಸುಮಾರು 7,800 ಜನರ ಪೈಕಿ 6,000ಕ್ಕೂ ಹೆಚ್ಚು ಮಂದಿಗೆ ದಡಾರ ತಗುಲಿತು. ಹಳ್ಳಿಯಿಂದ ಹಳ್ಳಿಗೆ ದೋಣಿಯಲ್ಲಿ ಸಂಚರಿಸಿದ ಪಾನುಮ್, ಸೋಂಕು ತಗುಲಿದ ಸುಮಾರು 14 ದಿನಗಳಿಗೆ ದದ್ದು ಕಾಣಿಸುತ್ತದೆ ಎಂಬುದನ್ನು ಕಂಡುಕೊಂಡರು. 1781ರಲ್ಲಿ, ಅಂದರೆ 65 ವರ್ಷ ಹಿಂದೆ, ಬಾಲ್ಯದಲ್ಲಿ ದಡಾರ ಬಂದಿದ್ದ ವೃದ್ಧರು ಈ ಬಾರಿ ರೋಗದಿಂದ ಪಾರಾದದ್ದನ್ನೂ ಗಮನಿಸಿದರು. ಒಮ್ಮೆ ಬಂದ ದಡಾರವನ್ನು ದೇಹ ಜೀವನಪೂರ್ತಿ ನೆನಪಿಡುತ್ತದೆ ಎಂಬುದು ಹೀಗೆ ತಿಳಿಯಿತು.

1911ರಲ್ಲಿ ಅಮೆರಿಕದ ಸಂಶೋಧಕರು ರೋಗಿಯ ರಕ್ತದಿಂದ ಕೋತಿಗಳಿಗೆ ದಡಾರ ಹರಡಬಹುದೆಂದು ತೋರಿಸಿದ್ದರು. ಆದರೆ ವೈರಸ್ಸನ್ನು ಪ್ರಯೋಗಾಲಯದಲ್ಲಿ ಹಿಡಿದಿಟ್ಟು, ಬೇಕೆಂದಾಗ ಬೆಳೆಸಿ, ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತುಪಡಿಸುವ ಕೆಲಸ ಉಳಿದೇ ಇತ್ತು.

1954ರ ಚಳಿಗಾಲ

ಎಂಡರ್ಸ್ ಅವರ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ್ದ ಥಾಮಸ್ ಪೀಬಲ್ಸ್ ಎಂಬ ಯುವ ವೈದ್ಯನಿಗೆ ದಡಾರದ ಹೊಣೆ ಬಂತು. ಗುರುವಿನಂತೆ ಶಿಷ್ಯನೂ ನೌಕಾಪಡೆಯಲ್ಲಿ ವಿಮಾನ ಹಾರಿಸಿದ್ದವನು. ಎರಡನೇ ಮಹಾಯುದ್ಧದ ನಂತರ ವೈದ್ಯಕೀಯ ಓದಿದ್ದವನು.

1954ರ ಜನವರಿಯಲ್ಲಿ ಬಾಸ್ಟನ್ನಿನ ಪಶ್ಚಿಮಕ್ಕಿರುವ ಸೌತ್‌ಬರೊ ಊರಿನ ಫೇ ಶಾಲೆಯಲ್ಲಿ ದಡಾರ ಕಾಣಿಸಿಕೊಂಡಿತು. ಹುಡುಗರು ಅಲ್ಲೇ ಉಳಿದು ಓದುವ ಶಾಲೆ ಅದು. ಪೀಬಲ್ಸ್ ಅಲ್ಲಿಗೆ ಹೋಗಿ ಕಾಯಿಲೆ ಬಿದ್ದ ಹುಡುಗರ ಗಂಟಲಿನ ದ್ರವ ಮತ್ತು ರಕ್ತವನ್ನು ಸಂಗ್ರಹಿಸತೊಡಗಿದರು. ಆ ಮಾದರಿಗಳಲ್ಲಿ 13ರ ಹರೆಯದ ಡೇವಿಡ್ ಎಡ್ಮನ್‌ಸ್ಟನ್ ಎಂಬ ವಿದ್ಯಾರ್ಥಿಯದೂ ಒಂದು. ಮಾನವ ಮೂತ್ರಪಿಂಡದ ಜೀವಕೋಶಗಳಿದ್ದ ಕೊಳವೆಗೆ ಅವನ ರಕ್ತವನ್ನು ಸೇರಿಸಿ ಕಾದಾಗ, ಅಕ್ಕಪಕ್ಕದ ಕೋಶಗಳು ಒಂದರೊಳಗೊಂದು ಬೆಸೆದು, ಅನೇಕ ಕೋಶಕೇಂದ್ರಗಳುಳ್ಳ ದೈತ್ಯ ಕೋಶಗಳಾದವು. ಕೋಶಗಳನ್ನು ಏನೋ ಹಾಳುಮಾಡುತ್ತಿದೆ ಎಂಬುದು ನಿಚ್ಚಳವಾಗಿತ್ತು.

ಆದರೆ ಅದು ದಡಾರದ ವೈರಸ್ಸೇ ಎಂದು ಹೇಳುವುದು ಹೇಗೆ? ಮೂತ್ರಪಿಂಡದ ಕೋಶಗಳಲ್ಲೇ ಅಡಗಿದ್ದ ಬೇರೆ ವೈರಸ್ ಆಗಿರಬಾರದೇಕೆ? ಉತ್ತರ ಸಿಕ್ಕಿದ್ದು ರೋಗಿಗಳ ರಕ್ತದಲ್ಲಿಯೇ. ಎಂಡರ್ಸ್ ಮತ್ತು ಪೀಬಲ್ಸ್ ಒಬ್ಬ ರೋಗಿಯಿಂದ ಎರಡು ಬಾರಿ ರಕ್ತ ತೆಗೆದಿದ್ದರು. ಒಂದು, ಕಾಯಿಲೆಯ ಮೊದಲ ದಿನಗಳಲ್ಲಿ. ಇನ್ನೊಂದು, ರೋಗಿ ಚೇತರಿಸಿಕೊಂಡ ಮೇಲೆ. ರಕ್ತ ಹೆಪ್ಪುಗಟ್ಟಿದಾಗ ಬೇರ್ಪಡುವ ತಿಳಿ ಹಳದಿ ದ್ರವವಾದ ಸೀರಂನಲ್ಲಿ ಪ್ರತಿಕಾಯಗಳು ಇರುತ್ತವೆ. ಮೊದಲ ಸೀರಂ ಬೆರೆಸಿದಾಗ ದೈತ್ಯ ಕೋಶಗಳು ಎಂದಿನಂತೆ ಮೂಡಿದವು. ಚೇತರಿಕೆಯ ನಂತರದ ಸೀರಂ ಬೆರೆಸಿದಾಗ ವೈರಸ್ಸಿನ ಆಟ ನಿಂತಿತು. ಕಾಯಿಲೆಯ ಆರಂಭದಲ್ಲಿ ಇಲ್ಲದ ಪ್ರತಿಕಾಯ ಕಾಯಿಲೆಯ ಕೊನೆಗೆ ಹುಟ್ಟಿದೆ ಎಂದರೆ, ಆ ಕಾಯಿಲೆಗೆ ಕಾರಣವಾದದ್ದು ಇದೇ ವೈರಸ್.

ಎರಡನೆಯ ಮಾದರಿ ಮಾತ್ರ ಇದ್ದಿದ್ದರೆ ಈ ವಾದ ನಿಲ್ಲುತ್ತಿರಲಿಲ್ಲ. ಆ ಪ್ರತಿಕಾಯ ಹಳೆಯ ಯಾವುದೋ ಸೋಂಕಿನದಾಗಿರಬಹುದಿತ್ತು. ಮೊದಲನೆಯದು ಮಾತ್ರ ಇದ್ದಿದ್ದರೆ ರಕ್ತದಲ್ಲಿ ಓದಲು ಗುರುತೇ ಇರುತ್ತಿರಲಿಲ್ಲ. ಎರಡರ ನಡುವಿನ ಅಂತರವೇ ಸಾಕ್ಷ್ಯವಾಯಿತು. ಗಮನಿಸಬೇಕಾದ ಇನ್ನೊಂದು ಅಂಶವಿದೆ. ವೈರಸ್ ಸಿಗುವುದು ದದ್ದು ಏಳುವ ಆಸುಪಾಸಿನ ರಕ್ತದಲ್ಲಿ. ಪ್ರತಿಕಾಯ ಹೆಚ್ಚುತ್ತಿದ್ದಂತೆ ರಕ್ತದಿಂದ ವೈರಸ್ ಮರೆಯಾಗುತ್ತದೆ. ವೈರಸ್ ಬೇಕಾದವರು ಬೇಗ ಹೋಗಬೇಕು, ಪ್ರತಿಕಾಯ ಬೇಕಾದವರು ಕಾಯಬೇಕು.

ಲಸಿಕೆಯತ್ತ

ಎಡ್ಮನ್‌ಸ್ಟನ್ ಹೆಸರನ್ನೇ ಹೊತ್ತ ಆ ವೈರಸ್ ತಳಿಯನ್ನು ಮೃದುವಾಗಿಸಲು ಹಲವು ವರ್ಷ ಹಿಡಿಯಿತು. ಮಾನವ ಮೂತ್ರಪಿಂಡದ ಕೋಶಗಳಲ್ಲಿ 24 ಬಾರಿ, ಗರ್ಭದ ನೀರಿನ ಚೀಲದ ಕೋಶಗಳಲ್ಲಿ 28 ಬಾರಿ ಬೆಳೆಸಿ, ನಂತರ ಕೋಳಿಮೊಟ್ಟೆಯ ಭ್ರೂಣಕ್ಕೆ, ಅಲ್ಲಿಂದ ಕೋಳಿ ಭ್ರೂಣದ ಕೋಶಗಳಿಗೆ ಅದನ್ನು ಒಗ್ಗಿಸಲಾಯಿತು. 1956ರಲ್ಲಿ ಪ್ರಯೋಗಾಲಯ ಸೇರಿದ ಸ್ಯಾಮ್ಯುಯೆಲ್ ಕಾಟ್ಜ್ ಈ ಹಂತದ ಪ್ರಮುಖ ಸಂಗಾತಿ. ಕೊನೆಗೆ ಉಳಿದದ್ದು, ಕೋತಿಗಳಿಗೆ ರೋಗ ತರದೆ ಪ್ರತಿಕಾಯವನ್ನು ಮಾತ್ರ ಹುಟ್ಟಿಸುವ ದುರ್ಬಲ ವೈರಸ್.

1958ರಲ್ಲಿ ಮಸಾಚುಸೆಟ್ಸ್‌ನ ಫರ್ನಾಲ್ಡ್ ಶಾಲೆಯಲ್ಲಿ ಮಕ್ಕಳ ಮೇಲಿನ ಮೊದಲ ಪ್ರಯೋಗ ನಡೆಯಿತು. ಬುದ್ಧಿಮಾಂದ್ಯ ಮಕ್ಕಳ ಸರ್ಕಾರಿ ಸಂಸ್ಥೆ ಅದು. ಅಂತಹ ಕಿಕ್ಕಿರಿದ ಸಂಸ್ಥೆಗಳಲ್ಲಿ ದಡಾರ ಮತ್ತೆ ಮತ್ತೆ ಮಕ್ಕಳನ್ನು ಕೊಲ್ಲುತ್ತಿತ್ತು ಎಂಬುದು ನಿಜ. ತಮ್ಮ ಪರವಾಗಿ ತಾವೇ ಮಾತನಾಡಲಾರದ ಮಕ್ಕಳನ್ನು ಪ್ರಯೋಗಕ್ಕೆ ಆರಿಸಿಕೊಂಡದ್ದೂ ನಿಜ. ಪೋಷಕರ ಒಪ್ಪಿಗೆ ಪಡೆಯಲಾಗಿತ್ತಾದರೂ, ಇಂದಿನ ನೀತಿಸಂಹಿತೆಯ ಕಣ್ಣಿನಲ್ಲಿ ಆ ಆಯ್ಕೆ ಪ್ರಶ್ನಾರ್ಹವೇ. ಆ ಕಾಲದ ಅನೇಕ ಲಸಿಕೆಗಳ ಇತಿಹಾಸದಲ್ಲಿ ಈ ನೆರಳು ಇದೆ. ಎಂಡರ್ಸ್ ಅವರ ಸಾಧನೆಯನ್ನು ಹೇಳುವಾಗ ಇದನ್ನು ಬಿಟ್ಟು ಹೇಳಲಾಗದು.

ಲಸಿಕೆ ಫಲಿಸಿತೇ ಎಂಬುದನ್ನು ತಿಳಿಯುವ ಮಾರ್ಗವೂ ಅದೇ ಆಗಿತ್ತು. ಚುಚ್ಚುವ ಮೊದಲು ಒಮ್ಮೆ, ಕೆಲವು ವಾರಗಳ ನಂತರ ಮತ್ತೊಮ್ಮೆ ರಕ್ತ ತೆಗೆದು, ಪ್ರತಿಕಾಯ ಹುಟ್ಟಿದೆಯೇ ಎಂದು ನೋಡುವುದು. ಮುಂದಿನ ಪ್ರಯೋಗಗಳು ಅಮೆರಿಕದ ಹಲವು ನಗರಗಳಿಗೂ, 1960ರಲ್ಲಿ ನೈಜೀರಿಯಾಕ್ಕೂ ವಿಸ್ತರಿಸಿದವು. 1963ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ದಡಾರ ಲಸಿಕೆಗೆ ಪರವಾನಗಿ ನೀಡಿತು. ಆರಂಭದ ಲಸಿಕೆಯಿಂದ ಅನೇಕ ಮಕ್ಕಳಿಗೆ ಜ್ವರ, ದದ್ದು ಬರುತ್ತಿದ್ದುದರಿಂದ ಅದರ ಜತೆಗೆ ಪ್ರತಿಕಾಯಗಳುಳ್ಳ ಗ್ಯಾಮಾ ಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ನೀಡಬೇಕಾಗುತ್ತಿತ್ತು. ಮುಂದೆ ಇನ್ನಷ್ಟು ಸೌಮ್ಯವಾದ ತಳಿಗಳು ಬಂದವು.

ಲಸಿಕೆಯ ಯಶಸ್ಸಿನ ಶ್ರೇಯವನ್ನು ಪತ್ರಿಕೆಗಳು ತಮ್ಮೊಬ್ಬರ ತಲೆಗೇ ಕಟ್ಟಿದಾಗ ಎಂಡರ್ಸ್ ಒಪ್ಪಲಿಲ್ಲ. 1961ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು, ಇದು ಅನೇಕರ ಕೂಡುದುಡಿಮೆ ಎಂಬುದನ್ನು ತಿಳಿಸಿದರು. ತಮ್ಮ ವೈರಸ್ ತಳಿಯನ್ನು ಕೇಳಿದ ಸಂಶೋಧಕರಿಗೆ ಉದಾರವಾಗಿ ಹಂಚಿದರು. ಬೇರೆ ಬೇರೆ ದೇಶಗಳಲ್ಲಿ ಲಸಿಕೆ ತಯಾರಾಗಲು ಈ ಔದಾರ್ಯವೂ ಕಾರಣ.

ಕನ್ನಡ ನಾಡಿನ ಮಕ್ಕಳವರೆಗೆ

ಎಡ್ಮನ್‌ಸ್ಟನ್ ತಳಿಯ ಒಂದು ಕವಲು ಅಂದಿನ ಯುಗೊಸ್ಲಾವಿಯಾದ ಜಾಗ್ರೆಬ್ ನಗರದಲ್ಲಿ ರೂಪುಗೊಂಡಿತು. ಎಡ್ಮನ್‌ಸ್ಟನ್-ಜಾಗ್ರೆಬ್ ಎಂದೇ ಹೆಸರಾದ ಅದನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತನ್ನ ದಡಾರ-ರುಬೆಲ್ಲಾ ಲಸಿಕೆಯಲ್ಲಿ ಬಳಸುತ್ತದೆ. ಭಾರತದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಆರಂಭವಾಯಿತು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪ ಮೊದಲ ಹಂತದಲ್ಲಿದ್ದವು. ಒಂಬತ್ತು ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಅಂದು ಶಾಲೆ, ಅಂಗನವಾಡಿಗಳಲ್ಲಿ ಲಸಿಕೆ ನೀಡಲಾಯಿತು. ಫೇ ಶಾಲೆಯ ಹುಡುಗನೊಬ್ಬನ ರಕ್ತದಿಂದ ಹೊರಟ ವೈರಸ್ಸಿನ ಸಂತತಿ, ರೋಗ ಹರಡುವ ಬದಲು ರೋಗ ತಡೆಯುವ ರೂಪದಲ್ಲಿ, ಹೀಗೆ ನಮ್ಮ ಊರುಗಳನ್ನು ತಲುಪಿದೆ.

ತಾರೀಖಿನ ಮಹತ್ವ

ಲಸಿಕೆಯಿಂದ ರೋಗ ವಿರಳವಾದಂತೆ, ಶಂಕಿತ ಪ್ರಕರಣಗಳನ್ನು ರಕ್ತ ಪರೀಕ್ಷೆಯಿಂದ ಖಚಿತಪಡಿಸುವ ಅಗತ್ಯ ಹೆಚ್ಚಿದೆ. ಜ್ವರದೊಂದಿಗೆ ಏಳುವ ಎಲ್ಲ ದದ್ದೂ ದಡಾರವಲ್ಲ. ರುಬೆಲ್ಲಾ, ಡೆಂಗಿ ಮುಂತಾದವುಗಳಲ್ಲೂ ದದ್ದು ಬರುತ್ತದೆ. ಎಂಡರ್ಸ್ ಅವರ ಕಾಲದ ಶ್ರಮದ ಪರೀಕ್ಷೆಗಳ ಜಾಗದಲ್ಲಿ ಈಗ ಎಲೈಸಾ ವಿಧಾನ ಬಂದಿದೆ. ಆದರೆ ದೇಹದ ಗಡಿಯಾರ ಬದಲಾಗಿಲ್ಲ.

ಸೋಂಕಿಗೆ ಪ್ರತಿಯಾಗಿ ಮೊದಲು ಹುಟ್ಟುವ ಪ್ರತಿಕಾಯ ಐಜಿಎಂ. ದದ್ದು ಎದ್ದ ಮೊದಲ ಮೂರು ದಿನಗಳಲ್ಲಿ ರಕ್ತ ತೆಗೆದರೆ, ದಡಾರ ಇರುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಐಜಿಎಂ ಪತ್ತೆಯಾಗದೆ ಹೋಗಬಹುದು. ನಾಲ್ಕನೇ ದಿನದಿಂದ 28ನೇ ದಿನದವರೆಗಿನ ಮಾದರಿ ಹೆಚ್ಚು ವಿಶ್ವಾಸಾರ್ಹ. ನಂತರದ ವಾರಗಳಲ್ಲಿ ಐಜಿಎಂ ಕ್ರಮೇಣ ಕರಗುತ್ತದೆ. ಆದ್ದರಿಂದ ತೀರಾ ಬೇಗ ತೆಗೆದ ಮಾದರಿಯಲ್ಲಿ ಇಲ್ಲವೆಂದು ಬಂದರೆ, ಶಂಕೆ ಉಳಿದಿರುವಾಗ, ಮತ್ತೊಂದು ಮಾದರಿ ಪರೀಕ್ಷಿಸುವುದು ರೂಢಿ. ಹಾಗೆಂದು ರೋಗಿ ಆಸ್ಪತ್ರೆಗೆ ಬಂದ ದಿನ ರಕ್ತ ತೆಗೆಯದೆ ವಾಪಸು ಕಳುಹಿಸುವುದೂ ಸಲ್ಲದು. ಮತ್ತೆ ಬಾರದೆ ಹೋದರೆ ಇರುವ ಅವಕಾಶವೂ ಕೈತಪ್ಪುತ್ತದೆ. ಆ ಮೊದಲ ದಿನಗಳ ಕೊರತೆಯನ್ನು ಗಂಟಲಿನ ದ್ರವದ ಪಿಸಿಆರ್ ಪರೀಕ್ಷೆ ತುಂಬಿಕೊಡುತ್ತದೆ. ಪ್ರತಿಕಾಯ ಇನ್ನೂ ಹುಟ್ಟದ ಹೊತ್ತಿನಲ್ಲಿ ಅದು ವೈರಸ್ಸನ್ನೇ ಹುಡುಕುತ್ತದೆ.

ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ತುಸು ತಡವಾಗಿ ಬಂದು ದೀರ್ಘಕಾಲ ಉಳಿಯುತ್ತದೆ. ಒಂದೇ ಮಾದರಿಯಲ್ಲಿ ಅದು ಕಂಡರೆ, ಹಿಂದೆಂದೋ ರೋಗ ಬಂದಿತ್ತು ಅಥವಾ ಲಸಿಕೆ ಹಾಕಿಸಲಾಗಿತ್ತು ಎಂಬುದಷ್ಟೇ ತಿಳಿಯುತ್ತದೆ. ಎಳೆಯ ಕೂಸಿನಲ್ಲಾದರೆ ಅದು ತಾಯಿಯಿಂದ ಬಂದದ್ದೂ ಆಗಿರಬಹುದು. ಈಗಿನ ರೋಗಕ್ಕೆ ಐಜಿಜಿ ಸಾಕ್ಷಿ ಹೇಳಬೇಕಾದರೆ ಎಂಡರ್ಸ್ ಮಾಡಿದಂತೆ ಎರಡು ಮಾದರಿ ಬೇಕು. ದದ್ದು ಎದ್ದ ಕೂಡಲೇ ಒಂದು, ಎರಡು ವಾರಗಳಷ್ಟು ಬಿಟ್ಟು ಇನ್ನೊಂದು. ಎರಡನ್ನೂ ಒಟ್ಟಿಗೆ ಪರೀಕ್ಷಿಸಿದಾಗ ಪ್ರಮಾಣ ನಾಲ್ಕು ಪಟ್ಟು ಅಥವಾ ಹೆಚ್ಚು ಏರಿದ್ದರೆ ಸೋಂಕು ಇತ್ತೀಚಿನದು. ಇತ್ತೀಚೆಗೆ ಲಸಿಕೆ ಪಡೆದ ಮಗುವಿನಲ್ಲಿ ಲಸಿಕೆಯಿಂದಲೇ ಐಜಿಎಂ ಕಾಣಿಸಿಕೊಳ್ಳಬಹುದಾದ್ದರಿಂದ ಲಸಿಕೆಯ ದಿನವನ್ನೂ ವೈದ್ಯರಿಗೆ ತಿಳಿಸುವುದು ಅವಶ್ಯ.

ದದ್ದು ಎದ್ದ ದಿನ, ರಕ್ತ ತೆಗೆದ ದಿನ, ಲಸಿಕೆ ಹಾಕಿಸಿದ ದಿನ ಈ ಮೂರೂ ಮಾದರಿಯ ಜತೆಗಿನ ನಮೂನೆಯಲ್ಲಿ ಇಲ್ಲದಿದ್ದರೆ ವರದಿಯ ಅರ್ಥ ಅರ್ಧಕ್ಕೆ ಇಳಿಯುತ್ತದೆ. ಇದು ಕಾಗದಪತ್ರದ ಶಿಸ್ತಷ್ಟೇ ಅಲ್ಲ. ದಡಾರ ಗಾಳಿಯಲ್ಲಿ ಹರಡುವ ರೋಗ. ರೋಗಿ ದದ್ದು ಏಳುವ ನಾಲ್ಕು ದಿನ ಮೊದಲಿನಿಂದ ನಾಲ್ಕು ದಿನ ನಂತರದವರೆಗೆ ಅದನ್ನು ಹರಡಬಲ್ಲ. ಅವಸರದ ಒಂದು ವರದಿಯನ್ನು ನಂಬಿ ಮಗುವನ್ನು ಶಾಲೆಗೆ ಕಳುಹಿಸಿದರೆ, ಲಸಿಕೆ ಪಡೆಯದ ಸಹಪಾಠಿಗೋ ಒಂಬತ್ತು ತಿಂಗಳು ತುಂಬದ ಕೂಸಿಗೋ ಅದರ ಬೆಲೆ ತೆರಬೇಕಾದೀತು.

ಎಂಡರ್ಸ್ 1985ರ ಸೆಪ್ಟೆಂಬರ್ 8ರಂದು ಕನೆಕ್ಟಿಕಟ್‌ನ ವಾಟರ್‌ಫರ್ಡ್‌ನಲ್ಲಿ ನಿಧನರಾದರು. ಆಗ ಅವರಿಗೆ 88 ವರ್ಷ. ಅದೇ ವರ್ಷದ ನವೆಂಬರ್‌ನಲ್ಲಿ ಭಾರತ ತನ್ನ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿತು. ದಡಾರದ ಲಸಿಕೆಯೂ ಅದರಲ್ಲಿ ಸೇರಿತ್ತು. ಮೂವತ್ತು ದಾಟಿದ ಮೇಲೆ ವಿಜ್ಞಾನಕ್ಕೆ ಬಂದು, ಐವತ್ತೇಳರಲ್ಲಿ ದಡಾರದ ವೈರಸ್ ಹಿಡಿದ ಈ ಮನುಷ್ಯ ಬಿಟ್ಟುಹೋದದ್ದು ಲಸಿಕೆಯನ್ನು ಮಾತ್ರವಲ್ಲ. ಸರಿಯಾದ ದಿನ ತೆಗೆದ ರಕ್ತವನ್ನು, ಸರಿಯಾದ ಇನ್ನೊಂದು ದಿನದ ರಕ್ತದೊಂದಿಗೆ ಹೋಲಿಸಿ ನೋಡುವ ತನಕ ತೀರ್ಪು ಕೊಡಬಾರದೆಂಬ ತಾಳ್ಮೆಯನ್ನೂ ಬಿಟ್ಟುಹೋಗಿದ್ದಾರೆ. ದಡಾರದ ಪತ್ತೆ ಇಂದಿಗೂ ಆ ತಾಳ್ಮೆಯನ್ನೇ ಬೇಡುತ್ತದೆ.